ಓಸಿ (ವಾಸಕ್ಕೆ ಯೋಗ್ಯ ಅಂತ ಕೊಡುವ ಪ್ರಮಾಣಪತ್ರ) ಬಂದು ಮೂರು ವರ್ಷ ಆಯಿತು, ಅಸೋಸಿಯೇಷನ್ ಇನ್ನೂ ಬಿಲ್ಡರ್ ಕೈಯಲ್ಲೇ ಇದೆ

ಏಳನೇ ಮಹಡಿ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮದು ಬೆಂಗಳೂರು ದಕ್ಷಿಣದ ಅಂಚಿನಲ್ಲಿರುವ ಅಪಾರ್ಟ್‌ಮೆಂಟ್. ಮೂರು ಬ್ಲಾಕ್, 286 ಮನೆ. 267 ಮಾರಾಟ ಆಗಿವೆ. ಉಳಿದ 19 ಬಿಲ್ಡರ್ ಹೆಸರಲ್ಲೇ ಇವೆ. ಕೇಳಲು ಬಂದವರಿಗೆ ‘ಈಗ ಮಾರುತ್ತಿಲ್ಲ’ ಎನ್ನುತ್ತಾರಂತೆ. ಯಾಕೆ ಅಂತ ಆಗ ಯಾರೂ ಯೋಚಿಸಲಿಲ್ಲ.

ಹೆಸರಿಗೆ ಸಂಘ ಇದೆ. ಅಧ್ಯಕ್ಷರು ಬಿಲ್ಡರ್ ಆಫೀಸಿನ ಮ್ಯಾನೇಜರ್. ಕಾರ್ಯದರ್ಶಿ ಅದೇ ಆಫೀಸಿನ ಅಕೌಂಟ್ಸ್‌ನವರು. ಇಬ್ಬರಿಗೂ ಇಲ್ಲಿ ಮನೆ ಇಲ್ಲ. ಮೇಂಟೆನೆನ್ಸ್ ನೋಡಿಕೊಳ್ಳುವ ಕಂಪನಿಯೂ ಅವರದ್ದೇ. ಕೆಲಸ ಕೊಡುವವರೂ ಅವರೇ, ಮಾಡುವವರೂ ಅವರೇ, ಬಿಲ್ ಪಾಸ್ ಮಾಡುವವರೂ ಅವರೇ.

ಮನೆ ಕೊಂಡಾಗ ಒಬ್ಬೊಬ್ಬರಿಂದ ಸುಮಾರು 60,000 ರೂಪಾಯಿ ಕಾರ್ಪಸ್ (ಸಂಘದ ಮೂಲ ನಿಧಿ) ತೆಗೆದುಕೊಂಡರು. ಒಟ್ಟು ಒಂದೂವರೆ ಕೋಟಿಗೂ ಜಾಸ್ತಿ. ಆ ಹಣ ಯಾವ ಬ್ಯಾಂಕಲ್ಲಿದೆ ಅಂತ ಕೇಳಿದರೆ ‘ಸೇಫ್ ಆಗಿದೆ ಸರ್’ ಎನ್ನುತ್ತಾರೆ. ಪಾಸ್‌ಬುಕ್ ತೋರಿಸಿ ಅಂದರೆ ‘ಆಡಿಟ್ ನಡೀತಿದೆ’. ಮೂರು ವರ್ಷದಿಂದ ಅದೇ ಆಡಿಟ್.

ಹೋದ ವಾರ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರು. ಮೇಂಟೆನೆನ್ಸ್ ಚದರಡಿಗೆ 4 ರೂಪಾಯಿ ಇದ್ದದ್ದು ಮುಂದಿನ ತಿಂಗಳಿಂದ 6.50. ಸಭೆ ಇಲ್ಲ, ಲೆಕ್ಕ ಇಲ್ಲ. ಕೇಳಿದ್ದಕ್ಕೆ ಬೈಲಾ (ಸಂಘದ ನಿಯಮಾವಳಿ) ತೋರಿಸಿದರು. ‘ಎಲ್ಲ ಮನೆ ಮಾರಾಟ ಆಗುವ ತನಕ ಆಡಳಿತ ಸಮಿತಿಯನ್ನು ಡೆವಲಪರ್ ನೇಮಿಸತಕ್ಕದ್ದು’ ಅಂತ ಬರೆದಿದೆ.

ನಾವು ಒಂದಷ್ಟು ಜನ ಈ ತಿಂಗಳಿಂದ ಮೇಂಟೆನೆನ್ಸ್ ಕಟ್ಟುವುದು ನಿಲ್ಲಿಸೋಣ ಅಂತಿದ್ದೇವೆ. ಈ ದಾರಿಯಲ್ಲಿ ಹೋದವರು ಇದ್ದರೆ ಹೇಳಿ.

ನಿವೃತ್ತ ಲೆಕ್ಕಿಗ · ಭಾನುವಾರ ರಾತ್ರಿ 11:05

ಅದೊಂದು ತಪ್ಪು ಮಾಡಬೇಡಿ. ಕಟ್ಟುವುದು ನಿಲ್ಲಿಸಬೇಡಿ.

ರೇರಾ ಕಾಯ್ದೆಯ (ಕೇಂದ್ರದ ರಿಯಲ್ ಎಸ್ಟೇಟ್ ಕಾಯ್ದೆ) 19ನೇ ಸೆಕ್ಷನ್ ನಿರ್ವಹಣಾ ಶುಲ್ಕ ಕೊಡುವ ಹೊಣೆಯನ್ನು ಕೊಂಡವರ ಮೇಲೂ ಹಾಕಿದೆ. ನೀವು ನಿಲ್ಲಿಸಿದ ದಿನ ಅವರು ಲಿಫ್ಟ್ ನಿಲ್ಲಿಸಿ ‘ಇವರೇ ದುಡ್ಡು ಕೊಡುತ್ತಿಲ್ಲ’ ಎನ್ನುತ್ತಾರೆ. ಬಾಕಿದಾರರಿಗೆ ಓಟಿಲ್ಲ ಅಂತಲೂ ಶುರು ಮಾಡುತ್ತಾರೆ. ಹಳೇ ದರದಲ್ಲೇ ಕಟ್ಟಿ. ಜೊತೆಗೆ ‘ಏರಿಕೆಗೆ ನಮ್ಮ ಒಪ್ಪಿಗೆ ಇಲ್ಲ’ ಅಂತ ಒಂದು ಪತ್ರ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್.

ಒಂದು ಪ್ರಶ್ನೆ. ನಿಮಗೆ ಬರುವ ಬಿಲ್ ಯಾರ ಹೆಸರಲ್ಲಿದೆ? ಸಂಘದ್ದೋ, ಆ ಕಂಪನಿಯದ್ದೋ?

ಏಳನೇ ಮಹಡಿ · ಭಾನುವಾರ ರಾತ್ರಿ 11:12

ಕಂಪನಿಯದ್ದು ಸರ್. 1,200 ಚದರಡಿಗೆ 4,800, ಮೇಲೆ ಜಿಎಸ್‌ಟಿ 864. ಒಟ್ಟು 5,664.

ನಿವೃತ್ತ ಲೆಕ್ಕಿಗ · ಭಾನುವಾರ ರಾತ್ರಿ 11:30

ಅದೇ ಅಂದುಕೊಂಡೆ. ನಿವಾಸಿಗಳ ಸಂಘವೇ ತನ್ನ ಸದಸ್ಯರಿಂದ ವಸೂಲಿ ಮಾಡಿದರೆ, ತಿಂಗಳಿಗೆ ಒಬ್ಬರಿಗೆ 7,500 ರೂಪಾಯಿ ತನಕ ಜಿಎಸ್‌ಟಿ ಇಲ್ಲ. ಆದರೆ ಈ ವಿನಾಯಿತಿ ಸಂಘಕ್ಕೆ ಮಾತ್ರ. ಲಾಭಕ್ಕೆ ನಡೆಯುವ ಕಂಪನಿ ಬಿಲ್ ಮಾಡಿದರೆ ಮೊದಲ ರೂಪಾಯಿಯಿಂದಲೇ 18 ಪರ್ಸೆಂಟ್. ನಿಮ್ಮ ಕೈಯಲ್ಲಿ ಸಂಘ ಇದ್ದಿದ್ದರೆ ಆ 864 ನಿಮ್ಮ ಬಿಲ್ಲಿನಲ್ಲಿ ಇರುತ್ತಿರಲಿಲ್ಲ. ಎಲ್ಲರದ್ದೂ ಸರಾಸರಿ 1,200 ಚದರಡಿ ಅಂದುಕೊಂಡರೆ ತಿಂಗಳಿಗೆ ಹತ್ತಿರ ಹತ್ತಿರ ಎರಡೂವರೆ ಲಕ್ಷ. ಸೆಕ್ಯೂರಿಟಿ ಏಜೆನ್ಸಿ, ಲಿಫ್ಟ್ ಎಎಂಸಿಯವರು (ವಾರ್ಷಿಕ ನಿರ್ವಹಣೆ ಗುತ್ತಿಗೆದಾರರು) ಹಾಕುವ ಜಿಎಸ್‌ಟಿಯನ್ನು ಸಂಘ ಹೊರಬೇಕಾಗುತ್ತೆ, ಹಾಗಾಗಿ ಪೂರ್ತಿ ಉಳಿಯಲ್ಲ. ಆದರೂ ದೊಡ್ಡ ಮೊತ್ತವೇ.

ಈಗ 6.50 ಮಾಡಿದರೆ 7,800 ಆಗುತ್ತೆ. ಆಮೇಲೆ ಸಂಘ ನಿಮ್ಮ ಕೈಗೆ ಬಂದರೂ 7,500 ದಾಟಿರುತ್ತೆ. ದಾಟಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ ಅಂತ ಕೇಂದ್ರದ ಸುತ್ತೋಲೆ, ಹೆಚ್ಚಿನ ಭಾಗಕ್ಕೆ ಮಾತ್ರ ಅಂತ ಮದ್ರಾಸ್ ಹೈಕೋರ್ಟ್. ಆ ತಲೆನೋವು ಬೇರೆ.

ಮೂರು ಲಿಫ್ಟ್ · ಸೋಮವಾರ ಬೆಳಿಗ್ಗೆ 7:15

ಬೈಸಿಕೊಂಡರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಬಿಲ್ಡರ್ ಇರುವ ತನಕ ನಮ್ಮಲ್ಲಿ ಕೆಟ್ಟ ಲಿಫ್ಟ್ ಎರಡು ದಿನದಲ್ಲಿ ರಿಪೇರಿ ಆಗುತ್ತಿತ್ತು. ನಿವಾಸಿಗಳ ಸಮಿತಿ ಬಂತು. ಆರು ತಿಂಗಳಲ್ಲಿ ಎ ಬ್ಲಾಕಿನವರಿಗೂ ಬಿ ಬ್ಲಾಕಿನವರಿಗೂ ಪಾರ್ಕಿಂಗ್ ಜಗಳ. ಈಗ ಎರಡು ಸಮಿತಿ, ಎರಡು ವಾಟ್ಸಾಪ್ ಗ್ರೂಪು. ಆಫೀಸ್ ರೂಮಿನ ಬಾಗಿಲಿಗೆ ಎರಡು ಬೀಗ! ಯಾರು ಒಳಗೆ ಹೋಗಬೇಕಾದರೂ ಇನ್ನೊಬ್ಬರನ್ನು ಕರೆಯಬೇಕು. ಬಿಲ್ಡರ್‌ನ ಓಡಿಸುವುದು ಸುಲಭ. ಆಮೇಲೆ ದಿನಾ ಸಂಜೆ ಎರಡು ಗಂಟೆ ಕೂತು ಕೆಲಸ ಮಾಡುವವರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?

ಕರಿಕೋಟು · ಸೋಮವಾರ ಬೆಳಿಗ್ಗೆ 9:50

ಎರಡು ಬೀಗದ ಕೇಸ್ ನಾನೂ ನೋಡಿದ್ದೇನೆ, ನಗು ಬರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನು ವಕೀಲ. ನಿಮ್ಮ ಕಾಗದ ನೋಡದೆ ಸಲಹೆ ಕೊಡುತ್ತಿಲ್ಲ, ಕಾನೂನು ಎಲ್ಲಿ ಏನು ಹೇಳುತ್ತೆ ಅಂತ ಮಾತ್ರ ಹೇಳುತ್ತೇನೆ.

ಮೊದಲು ನಿಮ್ಮ ಸಂಘ ಯಾವ ಕಾಯ್ದೆಯಡಿ ಹುಟ್ಟಿದೆ ನೋಡಿ. ಕೆಲವು ಬಿಲ್ಡರ್‌ಗಳು 1960ರ ಸೊಸೈಟಿ ನೋಂದಣಿ ಕಾಯ್ದೆಯಡಿ ಮಾಡಿರುತ್ತಾರೆ. ಅದು ಯಕ್ಷಗಾನ ಮಂಡಳಿಗೆ, ಶಾಲೆಯ ಟ್ರಸ್ಟಿನಂಥ ಕೆಲಸಕ್ಕೆ ಸರಿ. ವಸತಿ ಅಪಾರ್ಟ್‌ಮೆಂಟಿಗೆ ಇರುವುದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಅದು ತಾನಾಗಿಯೇ ಅನ್ವಯ ಆಗಲ್ಲ. ಡೀಡ್ ಆಫ್ ಡಿಕ್ಲರೇಷನ್ (ಈ ಕಟ್ಟಡ ಆ ಕಾಯ್ದೆಗೆ ಒಳಪಡುತ್ತೆ ಎಂಬ ಘೋಷಣಾ ಪತ್ರ) ಬರೆದು ಸಬ್ ರಿಜಿಸ್ಟ್ರಾರ್ ಬಳಿ ನೋಂದಾಯಿಸಬೇಕು, ಅದರ ಜೊತೆ ಬೈಲಾ ಇರಬೇಕು. ಸಹಕಾರ ಸಂಘವೋ ಇದೋ ಎಂಬ ಜಗಳ ಹೈಕೋರ್ಟ್ ತನಕ ಹೋಗಿದೆ, ಅದನ್ನು ಇಲ್ಲಿ ಬಿಡಿ.

ಡಿಕ್ಲರೇಷನ್ ಯಾರು ಸಹಿ ಮಾಡಿದ್ದಾರೆ, ಯಾವತ್ತು ಮಾಡಿದ್ದಾರೆ ಎಂಬುದು ಮುಖ್ಯ. ಎಷ್ಟೋ ಕಡೆ ಬಿಲ್ಡರ್ ಮೊದಲ ಮನೆ ಮಾರುವ ಮೊದಲೇ ಒಬ್ಬನೇ ಕೂತು ಬರೆದು, ತನಗೆ ಬೇಕಾದ್ದೆಲ್ಲ ಸೇರಿಸಿರುತ್ತಾನೆ. ಟೆರೇಸ್ ಹಕ್ಕು, ಕ್ಲಬ್‌ಹೌಸ್, ‘ಮುಂದಿನ ಹಂತ’, ಎಲ್ಲ. ಸರ್ಟಿಫೈಡ್ ಕಾಪಿ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು.

ನೀವು ಹೇಳಿದ ಬೈಲಾ ಸಾಲಿನ ಬಗ್ಗೆ. 1972ರ ಕಾಯ್ದೆಯ ಪ್ರಕಾರ ಬೈಲಾದಲ್ಲಿ ಆಡಳಿತ ಮಂಡಳಿಯನ್ನು ಅಪಾರ್ಟ್‌ಮೆಂಟ್ ಮಾಲೀಕರ ಪೈಕಿಯಿಂದಲೇ ಆರಿಸಲು ಅವಕಾಶ ಇರಬೇಕು, ವರ್ಷಕ್ಕೆ ಕನಿಷ್ಠ ಮೂರನೇ ಒಂದು ಭಾಗದ ಸದಸ್ಯರ ಅವಧಿ ಮುಗಿಯಬೇಕು. ಮನೆಯೇ ಇಲ್ಲದ ಮ್ಯಾನೇಜರ್ ಅಧ್ಯಕ್ಷ ಆಗುವುದು ಹೇಗೆ? ಕಾಯ್ದೆಗೆ ವಿರುದ್ಧವಾದ ಬೈಲಾ ನಿಲ್ಲಲ್ಲ ಅಂತ ವಾದ ಮಾಡಬಹುದು. ‘ಕಂಪನಿಯೂ 19 ಮನೆಯ ಮಾಲೀಕ, ಅದರ ಪ್ರತಿನಿಧಿ ನಾನು’ ಎನ್ನುತ್ತಾರೆ. ಅನ್ನಲಿ. 19 ಮನೆಗೆ ಎಷ್ಟು ಓಟೋ ಅಷ್ಟು.

ಲೆಕ್ಕದ ಪುಸ್ತಕ, ವೋಚರ್ ಎಲ್ಲವನ್ನೂ ಕೆಲಸದ ದಿನ ಅನುಕೂಲದ ಸಮಯದಲ್ಲಿ ಯಾವ ಮಾಲೀಕರಾದರೂ ನೋಡಬಹುದು, ಅದೂ ಅದೇ ಕಾಯ್ದೆಯಲ್ಲಿದೆ.

ಇನ್ನು ರೇರಾ, 2016ರದ್ದು. ಅರ್ಧಕ್ಕಿಂತ ಜಾಸ್ತಿ ಮನೆ ಬುಕ್ ಆದ ಮೂರು ತಿಂಗಳೊಳಗೆ ಸಂಘ ಆಗಲು ಬಿಲ್ಡರ್ ಅನುವು ಮಾಡಿಕೊಡಬೇಕು. ಎಲ್ಲ ಮಾರಾಟ ಆಗುವ ತನಕ ಅಂತ ಎಲ್ಲೂ ಇಲ್ಲ. 17ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಜಾಗಗಳ ಹಕ್ಕನ್ನು ಸಂಘಕ್ಕೆ ಬರೆದುಕೊಡಬೇಕು, ಕಂಪ್ಲೀಷನ್ ಸರ್ಟಿಫಿಕೇಟ್ (ಕಟ್ಟಡ ಮುಗಿದ ಪ್ರಮಾಣಪತ್ರ) ಸಿಕ್ಕ 30 ದಿನದಲ್ಲಿ ನಕ್ಷೆ, ದಾಖಲೆಗಳನ್ನು ಹಸ್ತಾಂತರಿಸಬೇಕು. ಈ ಗಡುವುಗಳಲ್ಲಿ ಕೆಲವಕ್ಕೆ ‘ಸ್ಥಳೀಯ ಕಾನೂನು ಇಲ್ಲದಿದ್ದರೆ’ ಎಂಬ ಬಾಲ ಇದೆ. ಎದುರಾಳಿ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ, ಗೊತ್ತಿರಲಿ.

ಪಾಪು ಅಮ್ಮ · ಸೋಮವಾರ ಮಧ್ಯಾಹ್ನ 1:20

ನಮ್ಮ ಅಪಾರ್ಟ್‌ಮೆಂಟಲ್ಲಿ ಬಿಲ್ಡರ್ ಸಿಕ್ಕಿಬಿದ್ದದ್ದು ಡೀಸೆಲ್ ಲೆಕ್ಕದಲ್ಲಿ. ಏಪ್ರಿಲ್ ಬಿಲ್ಲಿನಲ್ಲಿ 3,100 ಲೀಟರ್ ಅಂತಿತ್ತು. ಪ್ರತಿ ಜನರೇಟರ್ ಪ್ಯಾನೆಲ್‌ನಲ್ಲಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಒಂದು ಸಣ್ಣ ಮೀಟರ್ ಇರುತ್ತೆ. ನನ್ನ ಗಂಡ ಒಂದನೇ ತಾರೀಕು ಮತ್ತು ಮೂವತ್ತನೇ ತಾರೀಕು ಅದರ ಫೋಟೋ ತೆಗೆದಿದ್ದರು. ವ್ಯತ್ಯಾಸ 38 ಗಂಟೆ. ನಮ್ಮದು 250 ಕೆವಿಎ. ಫುಲ್ ಲೋಡಿನಲ್ಲೂ ಗಂಟೆಗೆ 55 ಲೀಟರ್ ಹಿಡಿದರೆ 2,090 ಲೀಟರ್. ಉಳಿದ ಸಾವಿರ ಲೀಟರ್ ಎಲ್ಲಿಗೆ ಹೋಯಿತು? ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇತ್ತು. ಕರೆಂಟ್ ಹೋದ ಟೈಮು, ಬಂದ ಟೈಮು, ನೀಲಿ ಪೆನ್ನಿನಲ್ಲಿ ಪಾಪ ನೀಟಾಗಿ ಬರೆದಿದ್ದ. ಅದನ್ನು ಕೂಡಿಸಿದರೂ 38ರ ಹತ್ತಿರವೇ ಬಂತು.

ಅದರ ಹಿಂದಿನ ಸಭೆಯಲ್ಲಿ ಕೂಗಾಡಿದ್ದು ಯಾರಿಗೂ ನೆನಪಿಲ್ಲ. ಈ ಎರಡು ಫೋಟೋ ನೋಡಿದ ಮೇಲೆ ‘ನಮಗ್ಯಾಕೆ ಬಿಡಿ’ ಅಂತಿದ್ದ ನಲವತ್ತು ಮನೆಯವರು ನಮ್ಮ ಕಡೆ ಬಂದರು.

ಹಳೇ ಸೈಟ್ ಇಂಜಿನಿಯರ್ · ಸೋಮವಾರ ರಾತ್ರಿ 9:40

ಹನ್ನೊಂದು ವರ್ಷ ಬಿಲ್ಡರ್ ಕಡೆ ಕೆಲಸ ಮಾಡಿದವನು. ನೀವೆಲ್ಲ ಡೀಸೆಲ್, ಜಿಎಸ್‌ಟಿ ಅಂತಿದ್ದೀರಿ. ಅದು ಚಿಲ್ಲರೆ. ಆ ಚಿಲ್ಲರೆಗೋಸ್ಕರ ಯಾವ ಬಿಲ್ಡರೂ 19 ಮನೆ ಖಾಲಿ ಇಟ್ಟುಕೊಂಡು ಕೂರಲ್ಲ.

ಏಳನೇ ಮಹಡಿಯವರೇ, ಒಂದು ಕೇಳುತ್ತೇನೆ. ನಿಮ್ಮ ಕಾಂಪೌಂಡಿನೊಳಗೆ ತಗಡು ಹಾಕಿ ಮುಚ್ಚಿದ ಖಾಲಿ ಜಾಗ ಏನಾದರೂ ಇದೆಯಾ? ನಿಮ್ಮ ಸೇಲ್ ಡೀಡಿನಲ್ಲಿ ‘ಹೆಚ್ಚುವರಿ ಎಫ್‌ಎಆರ್’ (ಜಾಗಕ್ಕೆ ತಕ್ಕಂತೆ ಎಷ್ಟು ಕಟ್ಟಬಹುದು ಎಂಬ ಮಿತಿ), ‘ಟಿಡಿಆರ್’ (ಬೇರೆ ಕಡೆಯಿಂದ ತಂದು ಬಳಸುವ ಕಟ್ಟುವ ಹಕ್ಕು), ‘ಮುಂದಿನ ಅಭಿವೃದ್ಧಿಗೆ ಖರೀದಿದಾರರು ಈಗಲೇ ಒಪ್ಪಿರುತ್ತಾರೆ’ ಅಂತ ಇದೆಯಾ?

ಏಳನೇ ಮಹಡಿ · ಸೋಮವಾರ ರಾತ್ರಿ 10:25

ಈಗಷ್ಟೇ ಬೀರುವಿನಿಂದ ಡೀಡ್ ತೆಗೆದು ನೋಡಿದೆ. 23ನೇ ಪುಟದಲ್ಲಿ ಇದೆ. ಟಿಡಿಆರ್ ಅಂತಲೇ ಇದೆ.

ಸಿ ಬ್ಲಾಕ್ ಹಿಂದೆ ಹಸಿರು ತಗಡು ಹಾಕಿದ ಜಾಗವೂ ಇದೆ. ಬ್ರೋಷರಿನಲ್ಲಿ ಅಲ್ಲಿ ಪಾರ್ಕ್ ತೋರಿಸಿದ್ದರು. ಮಕ್ಕಳು ತಗಡಿನ ಸಂದಿಯಲ್ಲಿ ಕ್ರಿಕೆಟ್ ಬಾಲ್ ತರಲು ಹೋಗುತ್ತಾರೆ.

ಹಳೇ ಸೈಟ್ ಇಂಜಿನಿಯರ್ · ಸೋಮವಾರ ರಾತ್ರಿ 10:41

ಅಲ್ಲೇ ಇರೋದು ಕಥೆ. ಅಲ್ಲಿ ಇನ್ನೊಂದು ಟವರ್ ಬರುತ್ತೆ. ಅದೇ ಗೇಟು, ಅದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಅದೇ ಬೋರ್‌ವೆಲ್. ನಿಮ್ಮ ಜಮೀನಿನ ಅವಿಭಜಿತ ಪಾಲು ಕರಗುತ್ತೆ. ಸ್ವತಂತ್ರ ಸಂಘ ಇದ್ದರೆ ತಕರಾರು ಮಾಡುತ್ತೆ, ಸ್ಟೇ ತರುತ್ತೆ. ಅವರದ್ದೇ ಸಂಘ ಇದ್ದರೆ ಲೆಟರ್‌ಹೆಡ್ಡಿನಲ್ಲಿ ‘ನಮ್ಮ ಅಭ್ಯಂತರ ಇಲ್ಲ’ ಅಂತ ಬರೆದು ಸೀಲು ಒತ್ತುತ್ತೆ. ಆ ಒಂದು ಸೀಲಿಗೋಸ್ಕರ ಇಷ್ಟೆಲ್ಲ. ಲಿಫ್ಟು, ಡೀಸೆಲ್ ಬಗ್ಗೆ ನೀವು ಜಗಳ ಆಡುತ್ತಾ ಇದ್ದರೆ ಅವರಿಗೆ ಅನುಕೂಲವೇ.

ಕರಿಕೋಟು · ಮಂಗಳವಾರ ಬೆಳಿಗ್ಗೆ 8:30

ಸರಿಯಾಗಿ ಹೇಳಿದರು. ರೇರಾ 14ನೇ ಸೆಕ್ಷನ್ ಓದಿ. ಮಂಜೂರಾದ ನಕ್ಷೆ, ಸಾಮಾನ್ಯ ಜಾಗ ಬದಲಾಯಿಸಲು ಬಿಲ್ಡರ್ ಬಿಟ್ಟು ಉಳಿದ ಖರೀದಿದಾರರಲ್ಲಿ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಬೇಕು. ಒಬ್ಬರು ಎಷ್ಟೇ ಮನೆ ಕೊಂಡಿದ್ದರೂ ಅವರನ್ನು ಒಬ್ಬರೇ ಅಂತ ಲೆಕ್ಕ. ಬಿಲ್ಡರ್‌ನ 19 ಮನೆ ಇಲ್ಲಿ ಲೆಕ್ಕಕ್ಕೇ ಬರಲ್ಲ.

23ನೇ ಪುಟದ ಮುಂಗಡ ಒಪ್ಪಿಗೆಯನ್ನು ಅವರು ಎತ್ತೇ ಎತ್ತುತ್ತಾರೆ. ಮಹಾರಾಷ್ಟ್ರದ ಕಾಯ್ದೆಯಡಿ ಬಾಂಬೆ ಹೈಕೋರ್ಟ್ ಇಂಥ ಸಾರಾಸಗಟು ಒಪ್ಪಿಗೆ ಸಾಲದು, ಏನು ಕಟ್ಟುತ್ತಾರೆ ಅಂತ ತಿಳಿದ ಮೇಲೆ ಕೊಟ್ಟ ಒಪ್ಪಿಗೆ ಬೇಕು ಎಂದಿದೆ. ಇಲ್ಲಿಗೆ ಅದು ನೇರ ಅನ್ವಯ ಅಲ್ಲ, ಆದರೆ ವಾದಕ್ಕೆ ಬಲ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನಿಮ್ಮ ಪ್ರಾಜೆಕ್ಟ್ ಪುಟ ತೆರೆದು, ನೋಂದಣಿ ವೇಳೆ ಹಾಕಿದ ನಕ್ಷೆ ಇಳಿಸಿಕೊಳ್ಳಿ. ಅದರಲ್ಲಿ ಆ ಜಾಗ ಏನು ಅಂತ ತೋರಿಸಿದ್ದಾರೋ ನೋಡಿ.

ಮಸ್ಕತ್ ಮಾವ · ಮಂಗಳವಾರ ಸಂಜೆ 6:10

ನಾನೂ ಬೆಂಗಳೂರಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದೇನೆ. ರಿಜಿಸ್ಟ್ರೇಷನ್ ಟೈಮಲ್ಲಿ ಸೇಲ್ಸ್‌ನವರು ‘ಅಸೋಸಿಯೇಷನ್ ಫಾರ್ಮಾಲಿಟಿ’ ಅಂತ ಎರಡು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಖಾಲಿ ಜಾಗಗಳೂ ಇದ್ದವು. ಈಗ ಭಯ ಆಗ್ತಾ ಇದೆ. ಅದು ಪ್ರಾಕ್ಸಿ (ನನ್ನ ಬದಲು ಓಟು ಹಾಕುವ ಅಧಿಕಾರ) ಇರಬಹುದಾ?

ಕರಿಕೋಟು · ಮಂಗಳವಾರ ಸಂಜೆ 7:00

ಇರಬಹುದು ಸರ್. ಸಭೆಯಲ್ಲಿ ಯಾರೂ ಕೈ ಎತ್ತದಿದ್ದರೂ ಬಿಲ್ಡರ್ ಪರ ಎಂಬತ್ತು ಓಟು ಬೀಳುವುದು ಹೀಗೆಯೇ. ‘ಈ ಹಿಂದೆ ಕೊಟ್ಟ ಎಲ್ಲ ಪ್ರಾಕ್ಸಿ, ಅಧಿಕಾರ ಪತ್ರ ಹಿಂತೆಗೆದುಕೊಂಡಿದ್ದೇನೆ’ ಅಂತ ಸಂಘಕ್ಕೂ ಬಿಲ್ಡರ್‌ಗೂ ಇಮೇಲ್ ಮಾಡಿ, ಅದನ್ನೇ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ನೋಂದಾಯಿತ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಆಗಿದ್ದರೆ ರದ್ದತಿಯನ್ನೂ ನೋಂದಾಯಿಸಬೇಕು. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿಬಿಡಿ.

ಆಸ್ಟಿನ್ ಕನ್ನಡಿಗ · ಬುಧವಾರ ಬೆಳಿಗ್ಗೆ 5:30

ಇಲ್ಲಿ ಟೆಕ್ಸಾಸಿನಲ್ಲೂ ಇದೇ ರಾಮಾಯಣ. ಹೊಸ ಲೇಔಟಿನಲ್ಲಿ ಮನೆ ಕೊಂಡರೆ ಎಚ್‌ಓಎ (ಮನೆ ಮಾಲೀಕರ ಸಂಘ) ಮೊದಲು ಡೆವಲಪರ್ ಕೈಯಲ್ಲೇ ಇರುತ್ತೆ. ಆದರೆ ರಾಜ್ಯದ ಕಾನೂನಿನಲ್ಲಿ ಒಂದು ಗೆರೆ ಇದೆ: ಶೇಕಡಾ 75 ಸೈಟು ಮಾರಾಟ ಆದ 120 ದಿನದೊಳಗೆ ಬೋರ್ಡಿನ ಕನಿಷ್ಠ ಮೂರನೇ ಒಂದು ಭಾಗವನ್ನು ಮನೆ ಮಾಲೀಕರೇ ಆರಿಸಬೇಕು. ಡೆವಲಪರ್ ತನ್ನ ಪತ್ರದಲ್ಲಿ ಏನೇ ಬರೆದುಕೊಂಡಿರಲಿ. ನಮ್ಮಲ್ಲಿ ಹಾಗೆ ಬಂದ ಇಬ್ಬರಲ್ಲಿ ನಾನೂ ಒಬ್ಬ. ಬಹುಮತ ಇರಲಿಲ್ಲ, ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಲು ಸಿಕ್ಕಿತು.

ಮೂರು ಲಿಫ್ಟ್ · ಬುಧವಾರ ಬೆಳಿಗ್ಗೆ 8:05

ಅಮೆರಿಕದಲ್ಲೂ ಎರಡು ಬೀಗ ಇರುತ್ತಾ?

ಆಸ್ಟಿನ್ ಕನ್ನಡಿಗ · ಬುಧವಾರ ಬೆಳಿಗ್ಗೆ 8:20

ಬೀಗ ಇಲ್ಲ, ವಕೀಲರು ಇರುತ್ತಾರೆ.

ಏಳನೇ ಮಹಡಿ · ಐದು ವಾರದ ನಂತರ

ಆಗಿದ್ದು ಹೇಳುತ್ತೇನೆ.

ರೇರಾ ಪುಟದ ನಕ್ಷೆಯಲ್ಲಿ ತಗಡಿನ ಜಾಗ ‘ಪಾರ್ಕ್ ಮತ್ತು ತೆರೆದ ಪ್ರದೇಶ’ ಅಂತಲೇ ಇದೆ. ಅದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಮೂರೂ ಬ್ಲಾಕಿನ ಲಿಫ್ಟಿನಲ್ಲಿ ಅಂಟಿಸಿದೆವು. ಮಧ್ಯಾಹ್ನದ ಹೊತ್ತಿಗೆ ಸೆಕ್ಯೂರಿಟಿಯವರು ಕಿತ್ತು ಹಾಕಿದರು. ಸಂಜೆ ಮತ್ತೆ ಅಂಟಿಸಿದೆವು. ಮೂರನೇ ದಿನ ನಮ್ಮ ಗೇಟಿನ ವಾಚ್‌ಮನ್ ‘ಸಾರ್, ಗಮ್ ಜಾಸ್ತಿ ಹಾಕಿ’ ಅಂದ.

ಸಭೆಗೆ ಕ್ಲಬ್‌ಹೌಸ್ ಕೇಳಿದರೆ ‘ಪೇಂಟಿಂಗ್ ಕೆಲಸ’ ಅಂತ ಬೀಗ. ಬೇಸ್‌ಮೆಂಟಿನಲ್ಲಿ ಸೇರಿದೆವು. ರ‍್ಯಾಂಪ್ ಪಕ್ಕದಲ್ಲಿ, ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಐದು ನಿಮಿಷಕ್ಕೊಂದು ಕಾರು ಬಂದು ಹಾರ್ನ್ ಹೊಡೆಯುತ್ತಿತ್ತು, ಎಲ್ಲ ಎದ್ದು ಕುರ್ಚಿ ಸರಿಸಿ ಮತ್ತೆ ಕೂರುತ್ತಿದ್ದರು. ಸಹಿ ಬಿದ್ದಿದ್ದು 163 ಮನೆಯವರದ್ದು. ಆಮೇಲೆ ವಿದೇಶದಲ್ಲಿ ಇರುವ 21 ಜನ ಹಳೇ ಪ್ರಾಕ್ಸಿ ರದ್ದು ಮಾಡಿ ಪತ್ರ ಕಳಿಸಿದರು. ಮಸ್ಕತ್ ಮಾವನಿಗೆ ಧನ್ಯವಾದ, ಅವರ ಪ್ರಶ್ನೆ ನೋಡಿಯೇ ನಮಗೆ ಹೊಳೆದಿದ್ದು.

ಚುನಾವಣೆ ಕರೆಯಿರಿ, ಲೆಕ್ಕ ಮತ್ತು ದಾಖಲೆ ಕೊಡಿ ಅಂತ ವಕೀಲರ ಮೂಲಕ ನೋಟಿಸ್ ಹೋಯಿತು. ಮೇಂಟೆನೆನ್ಸ್ ಹಳೇ ದರದಲ್ಲಿ ಕಟ್ಟುತ್ತಿದ್ದೇವೆ. ಹತ್ತು ದಿನದ ಮೇಲೆ ಮ್ಯಾನೇಜರ್ ಕರೆದು ಕಾಫಿ ಕೊಟ್ಟರು. ‘ಜಂಟಿ ಸಮಿತಿ ಮಾಡೋಣ. ನೀವು ಇಬ್ಬರು, ನಾವು ಮೂವರು. ಏರಿಕೆ ಕೈಬಿಡುತ್ತೇವೆ’ ಎಂದರು. ನಮ್ಮಲ್ಲೇ ಕೆಲವರು ಒಪ್ಪೋಣ ಅಂತಿದ್ದಾರೆ.

ಹಳೇ ಸೈಟ್ ಇಂಜಿನಿಯರ್ · ಅದೇ ದಿನ

ಸಿ ಬ್ಲಾಕ್ ಹಿಂದಿನ ಜಾಗದ ಬಗ್ಗೆ ಏನಂದರು?

ಏಳನೇ ಮಹಡಿ · ಅದೇ ದಿನ

ಅದರ ಸುದ್ದಿಯೇ ಎತ್ತಲಿಲ್ಲ.

ಹಳೇ ಸೈಟ್ ಇಂಜಿನಿಯರ್ · ಅದೇ ದಿನ

ನೋಡಿ ಮತ್ತೆ.

ನಿವೃತ್ತ ಲೆಕ್ಕಿಗ · ಅದೇ ದಿನ

ಇಬ್ಬರು, ಮೂವರು ಬೇಡವೇ ಬೇಡ. ನಾಳೆ ಮೂರು ಓಟಿನಲ್ಲಿ ನಿರ್ಣಯ ಪಾಸಾಗುತ್ತೆ, ಕೆಳಗೆ ನಿಮ್ಮ ಇಬ್ಬರ ಹಾಜರಿ ಸಹಿಯೂ ಇರುತ್ತೆ. ಕಾರ್ಪಸ್ ಎಫ್‌ಡಿ ಯಾರ ಹೆಸರಲ್ಲಿದೆ ಅಂತ ಬರವಣಿಗೆಯಲ್ಲಿ ಕೊಟ್ಟ ಮೇಲೆ ಕಾಫಿ ಕುಡಿಯಿರಿ.

ಕರಿಕೋಟು · ಮರುದಿನ

ರೇರಾಗೆ ಹೋಗುವುದಾದರೆ ಒಂದು ಎಚ್ಚರ. ಆದೇಶ ಸಿಗುವುದು ಒಂದು ಹಂತ, ಜಾರಿ ಆಗುವುದು ಇನ್ನೊಂದು. ಹಣದ ಆದೇಶಗಳು ವಸೂಲಿಗೆ ಅಂತ ತಹಶೀಲ್ದಾರ್ ಕಚೇರಿಗೆ ಹೋಗಿ ಅಲ್ಲೇ ಕೂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಬರೀ ಪರಿಹಾರ ಕೇಳಬೇಡಿ. ದಾಖಲೆ ಹಸ್ತಾಂತರ, ಚುನಾವಣೆ, ಆ ಜಾಗದಲ್ಲಿ ಕಟ್ಟಬಾರದು ಎಂಬ ನಿರ್ದೇಶನ, ಇವನ್ನು ಬೇರೆ ಬೇರೆಯಾಗಿ ಕೇಳಿ. ಗೋಡೆ ಬಿರುಕು, ಬೇಸ್‌ಮೆಂಟ್ ಸೋರಿಕೆ ಇದ್ದರೆ ಈಗಲೇ ಲಿಖಿತವಾಗಿ ಕೊಡಿ. ಮನೆ ಕೈಗೆ ಸಿಕ್ಕ ಐದು ವರ್ಷದೊಳಗೆ ತಿಳಿಸಿದ ರಚನಾ ದೋಷವನ್ನು ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ನಿಮಗೆ ಉಳಿದಿರುವುದು ಎರಡೇ ವರ್ಷ.

ಏಳನೇ ಮಹಡಿ · ನಾಲ್ಕು ತಿಂಗಳ ನಂತರ

ಜಂಟಿ ಸಮಿತಿಗೆ ಒಪ್ಪಲಿಲ್ಲ. ರೇರಾ ದೂರು ದಾಖಲಾಗಿದೆ, ಎರಡು ವಿಚಾರಣೆ ವಿಡಿಯೋದಲ್ಲಿ ಆಯಿತು. ಮೊದಲನೆಯದರಲ್ಲಿ ಅವರ ವಕೀಲರು ಸಮಯ ಕೇಳಿದರು. ಎರಡನೆಯದಕ್ಕೆ ಮುಂಚೆ, ಶುಕ್ರವಾರ ಸಂಜೆ, ಟೆಂಪೋದಲ್ಲಿ ಎರಡು ರಟ್ಟಿನ ಡಬ್ಬ ಬಂದವು. ‘ಹ್ಯಾಂಡೋವರ್ ಡಾಕ್ಯುಮೆಂಟ್ಸ್’ ಅಂತ ಮಾರ್ಕರಿನಲ್ಲಿ ಬರೆದಿದ್ದರು. ಸಹಿ ಹಾಕಿ ಅಂದರು. ‘ಒಳಗೇನಿದೆ ನೋಡದೆ ಪಡೆದಿದ್ದೇವೆ’ ಅಂತ ಬರೆದು ಸಹಿ ಹಾಕಿದೆ. ಇದು ಲೆಕ್ಕಿಗ ಸರ್ ಫೋನಿನಲ್ಲಿ ಹೇಳಿಕೊಟ್ಟದ್ದು.

ಶನಿವಾರ ಬೆಳಿಗ್ಗೆ ನಮ್ಮ ಹಾಲಿನಲ್ಲಿ ಆರು ಜನ ನೆಲದ ಮೇಲೆ ಕೂತು ಬಿಚ್ಚಿದೆವು. ಲಿಫ್ಟ್ ಲೈಸೆನ್ಸ್ ಇದೆ, ಅವಧಿ ಮುಗಿದಿದೆ. ಜನರೇಟರ್ ವಾರಂಟಿ ಕಾರ್ಡ್ ಇದೆ. ಎಸ್‌ಟಿಪಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಇಲ್ಲ. ಕಾರ್ಪಸ್ ಬಗ್ಗೆ ಒಂದು ಸಾಲೂ ಇಲ್ಲ. ಒಳಚರಂಡಿ ನಕ್ಷೆ ಅಂತ ಒಂದು ಸುರುಳಿ ಇದೆ, ಬಿಡಿಸಿ ನೋಡಿದರೆ ಬೇರೆ ಯಾವುದೋ ಪ್ರಾಜೆಕ್ಟಿನದು. ಎರಡನೇ ಡಬ್ಬದ ತಳದಲ್ಲಿ ದಾರಕ್ಕೆ ಪೋಣಿಸಿದ 14 ಬೀಗದ ಕೈ.

ಎಲ್ಲ ತೆಗೆದುಕೊಂಡು ಹೋಗಿ ಕ್ಲಬ್‌ಹೌಸ್ ಬಾಗಿಲಿಗೆ ಒಂದೊಂದಾಗಿ ಹಾಕಿ ನೋಡಿದೆವು. ಒಂದೂ ತಿರುಗಲಿಲ್ಲ. ಪಂಪ್ ರೂಮಿನದು ಮಾತ್ರ ತೆರೆಯಿತು.

ಮೂರು ಲಿಫ್ಟ್ · ಅದೇ ದಿನ

ಪಂಪ್ ರೂಮ್ ಸಿಕ್ಕಿತಲ್ಲ, ಮೊದಲು ಅದರ ಬೀಗ ಬದಲಾಯಿಸಿ. ಒಂದೇ ಬೀಗ ಹಾಕಿ ಮಾರಾಯರೇ.